1.2 ಮಿ.ಮೀ. ದಪ್ಪದ ಚೌಕ ಪೈಪು ಕೊಯ್ಯುವಾಗ ಹ್ಯಾಕ್ಸಾ ಬ್ಲೇಡಿನ ಹಲ್ಲು ಉದುರುವುದೇಕೆ?

ರೇಷ್ಮೆ ಬೆಳೆಗಾರ, ಶಿಡ್ಲಘಟ್ಟ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ನಮ್ಮ ಹುಳುಮನೆಯ ಸ್ಟ್ಯಾಂಡುಗಳಿಗೆ ಇನ್ನೊಂದು ಅಂತಸ್ತು ಏರಿಸುತ್ತಿದ್ದೇನೆ. ಅದಕ್ಕೆಂದು ತಂದಿರುವುದು 25 ಮಿ.ಮೀ. ಚೌಕದ ಕಬ್ಬಿಣದ ಪೈಪು; ಅದರ ಗೋಡೆಯ ದಪ್ಪ 1.2 ಮಿ.ಮೀ. ಹಳೆಯ ಸ್ಟ್ಯಾಂಡುಗಳ ಕಾಲುಗಳು ಒಂದರ ಹಾಗೆ ಒಂದಿಲ್ಲದ ಕಾರಣ ಪ್ರತಿ ತುಂಡನ್ನೂ ಅಲ್ಲಿಯೇ ಹಿಡಿದು ಅಳೆದು, ಅಲ್ಲಿಯೇ ಕೊಯ್ದು, ನಟ್ಟು ಬೋಲ್ಟಿನಿಂದ ಕೂಡಿಸಬೇಕಾಗಿದೆ. ಹುಳುಗಳು ನಾಲ್ಕನೆಯ ಜ್ವರದಿಂದ (ಪೊರೆ ಕಳಚುವ ಹಂತದಿಂದ) ಎದ್ದಿದ್ದು, ಸೊಪ್ಪನ್ನೂ ಜಾಗವನ್ನೂ ಒಟ್ಟಿಗೆ ಬೇಡುವ ಸಮಯವಿದು. ಗ್ರೈಂಡರಿನ ಕಿಡಿ, ಹೊಗೆ, ದೂಳು ಹುಳುಮನೆಯ ಹತ್ತಿರ ಬೇಡವೆಂದು ಹ್ಯಾಕ್ಸಾ ಹಿಡಿದಿದ್ದೇನೆ.

ಪೈಪಿನ ಮೇಲಿನ ಮುಖ ಸಲೀಸಾಗಿ ಕೊಯ್ಯುತ್ತದೆ. ಅದನ್ನು ದಾಟಿ ಎರಡು ಪಕ್ಕದ ಗೋಡೆಗಳಿಗೆ ಇಳಿದ ಕೂಡಲೇ ಬ್ಲೇಡು ಕಚ್ಚಿಕೊಂಡು ಕಟಕಟ ಸದ್ದು ಮಾಡುತ್ತದೆ, ನೋಡುವಷ್ಟರಲ್ಲಿ ಒಂದು ಕಡೆಯ ಹಲ್ಲುಗಳು ಸಾಲಾಗಿ ಉದುರಿರುತ್ತವೆ. ಬ್ಲೇಡಿನ ಮೇಲೆ 18 ಎಂದು ಬರೆದಿದೆ. ದುಬಾರಿ ಬ್ಲೇಡು ಕೊಂಡರೆ ಸರಿಹೋಗುತ್ತದೆ ಎಂದು ಅಂಗಡಿಯವರ ಅಭಿಪ್ರಾಯ. ದೋಷ ಬ್ಲೇಡಿನದೋ, ಫ್ರೇಮಿನದೋ, ಕೊಯ್ಯುವ ಕ್ರಮದ್ದೋ ತಿಳಿದವರು ದಯವಿಟ್ಟು ವಿವರಿಸಬೇಕು.

ಐಟಿಐ ಫಿಟ್ಟರ್ ವಿಭಾಗದ ಮೇಷ್ಟ್ರು, ತುಮಕೂರು

ನಮಸ್ಕಾರ. ಮೇಲಿನ ಮುಖದಲ್ಲಿ ಇಲ್ಲದ ತೊಂದರೆ ಪಕ್ಕದ ಗೋಡೆಯಲ್ಲಿ ಬರುತ್ತಿದೆ ಎಂದು ನೀವು ಗಮನಿಸಿರುವುದರಿಂದ ಕಾರಣ ಹುಡುಕುವುದು ಸುಲಭವಾಯಿತು.

18 ಎಂದರೆ ಒಂದು ಅಂಗುಲಕ್ಕೆ 18 ಹಲ್ಲು, ಅಂದರೆ ಒಂದು ಹಲ್ಲಿನ ತುದಿಯಿಂದ ಮುಂದಿನ ಹಲ್ಲಿನ ತುದಿಗೆ ಸುಮಾರು 1.4 ಮಿ.ಮೀ. ಅಂತರ. 25 ಮಿ.ಮೀ. ಅಗಲದ ಮೇಲ್ಮುಖದ ಮೇಲೆ ಬ್ಲೇಡು ಚಪ್ಪಟೆಯಾಗಿ ಕೂತಾಗ ಹದಿನೇಳು ಹದಿನೆಂಟು ಹಲ್ಲುಗಳು ಒಟ್ಟಿಗೆ ಕೆಲಸ ಮಾಡುತ್ತವೆ, ನಿಮ್ಮ ಕೈಯ ಒತ್ತಡವೂ ಅಷ್ಟೂ ಹಲ್ಲುಗಳಿಗೆ ಹಂಚಿಹೋಗುತ್ತದೆ. ಆ ಮುಖ ತೂತಾದ ಮರುಕ್ಷಣ ಬ್ಲೇಡಿನ ಕೆಳಗೆ ಉಳಿಯುವುದು 1.2 ಮಿ.ಮೀ. ದಪ್ಪದ ಎರಡು ಗೋಡೆಗಳು ಮಾತ್ರ. ಹಲ್ಲುಗಳ ನಡುವಿನ ಅಂತರ ಗೋಡೆಯ ದಪ್ಪಕ್ಕಿಂತ ಹೆಚ್ಚಾಗಿರುವ ಕಾರಣ ಗೋಡೆಯೇ ಎರಡು ಹಲ್ಲುಗಳ ಸಂದಿಗೆ ಇಳಿದುಬಿಡುತ್ತದೆ. ನೀವು ಮುಂದಕ್ಕೆ ತಳ್ಳಿದಾಗ ಒಂದೇ ಹಲ್ಲು ಆ ಅಂಚಿಗೆ ಗುದ್ದಿ, ಅಷ್ಟೂ ಬಲವನ್ನು ತಾನೊಂದೇ ಹೊತ್ತು ಮುರಿಯುತ್ತದೆ. ಒಂದು ಹಲ್ಲು ಹೋದ ಕಡೆ ಸಂದಿ ಇನ್ನೂ ಅಗಲವಾಗುವುದರಿಂದ ಅದರ ಹಿಂದಿನ ಹಲ್ಲಿಗೆ ಬೀಳುವ ಪೆಟ್ಟು ಇನ್ನೂ ಜೋರು. ಸಾಲಾಗಿ ಉದುರುವುದು ಹೀಗೆ.

ದುಬಾರಿ ಬ್ಲೇಡಿನ ಹಲ್ಲು ಹೆಚ್ಚು ಗಡಸು, ನಿಜ. ಗಡಸಾದದ್ದು ಬೇಗ ಸವೆಯುವುದಿಲ್ಲವೇ ಹೊರತು ಅಡ್ಡಪೆಟ್ಟನ್ನು ತಾಳುವುದಿಲ್ಲ, ಆದುದರಿಂದ 18ರದೇ ದುಬಾರಿ ಬ್ಲೇಡು ಕೊಂಡರೂ ಫಲಿತಾಂಶ ಇದೇ ಇರುತ್ತದೆ.

ಕೈ ಹ್ಯಾಕ್ಸಾಗೆ ಸಾಮಾನ್ಯವಾಗಿ ನಾಲ್ಕು ಬಗೆಯ ಬ್ಲೇಡುಗಳು ಸಿಗುತ್ತವೆ: 14 ಹಲ್ಲಿನದು (ಅಂತರ 1.8 ಮಿ.ಮೀ.), 18 ಹಲ್ಲಿನದು (1.4), 24 ಹಲ್ಲಿನದು (ಸುಮಾರು 1.0), 32 ಹಲ್ಲಿನದು (0.8). ಕೊಯ್ಯುವ ಲೋಹದ ಮೇಲೆ ಯಾವ ಕ್ಷಣದಲ್ಲಿಯೂ ಕನಿಷ್ಠ ಮೂರು ಹಲ್ಲು ಕೂತಿರಬೇಕು ಎಂದು ನಾವು ಮೊದಲ ವರ್ಷದ ಹುಡುಗರಿಗೆ ಕಲಿಸುತ್ತೇವೆ. ನಿಮ್ಮ ಪೈಪಿನ ಲೆಕ್ಕ ಹಾಕಿದರೆ 32 ಹಲ್ಲಿನ ಬ್ಲೇಡಿನಲ್ಲಿಯೂ ಒಂದೂವರೆ ಹಲ್ಲು ಮಾತ್ರ ಗೋಡೆಯ ಮೇಲೆ ಕೂರುತ್ತದೆ. ಅದಕ್ಕಿಂತ ಸಣ್ಣ ಹಲ್ಲು ಪೇಟೆಯಲ್ಲಿ ಸಿಗದಿರುವಾಗ ನಿಯಮವನ್ನು ಪಾಲಿಸಲು ಉಳಿಯುವ ದಾರಿಯೆಂದರೆ ಪೈಪನ್ನು ತಿರುಗಿಸುವುದು.

ಮೂಲೆಮಟ್ಟ ಹಿಡಿದು ನಾಲ್ಕೂ ಮುಖಗಳ ಮೇಲೆ ಗೆರೆ ಎಳೆಯಿರಿ. ಮೊದಲನೆಯ ಮುಖವನ್ನು ಚಪ್ಪಟೆಯಾಗಿ ಕೊಯ್ಯಿರಿ, ಬ್ಲೇಡು ಒಳಗಿನ ಟೊಳ್ಳನ್ನು ಮುಟ್ಟಿದೆ ಎನ್ನಿಸಿದ ಕೂಡಲೇ ನಿಲ್ಲಿಸಿ, ಪೈಪನ್ನು ಕಾಲು ಸುತ್ತು ತಿರುಗಿಸಿ ಎರಡನೆಯ ಮುಖವನ್ನು ಅದೇ ರೀತಿ ಕೊಯ್ಯಿರಿ. ತಿರುಗಿಸುವಾಗ ಕೊಯ್ದ ಮುಖ ನಿಮ್ಮಿಂದ ಆಚೆಗೆ ಹೋಗಬೇಕು. ಆಗ ಮುಂದಕ್ಕೆ ಹೋಗುವ ಹಲ್ಲು ಲೋಹವನ್ನು ಕೊಯ್ಯುತ್ತಾ ಹೋಗಿ ಖಾಲಿ ಸಂದಿಗೆ ಹೊರಬೀಳುತ್ತದೆ. ನಿಮ್ಮ ಕಡೆಗೆ ತಿರುಗಿಸಿದರೆ ಹಲ್ಲು ಖಾಲಿ ಸಂದಿಯಿಂದ ಬಂದು ಹರಿತವಾದ ಅಂಚಿಗೆ ಗುದ್ದುತ್ತದೆ, ಮತ್ತೆ ಅದೇ ಕಥೆಯಾಗುತ್ತದೆ. ಈ ಕ್ರಮದಲ್ಲಿ 24 ಹಲ್ಲಿನ ಬ್ಲೇಡೇ ಸಾಕು. 32 ಸಿಕ್ಕರೆ ಇನ್ನೂ ನಯ.

ವೆಲ್ಡಿಂಗ್ ಅಂಗಡಿ, ಚಿಂತಾಮಣಿ

ಮೇಷ್ಟ್ರು ಹೇಳಿದ್ದು ಪಾಠವಾಗಿ ಸರಿಯಾಗಿಯೇ ಇದೆ. ಆದರೂ ಕೇಳುತ್ತೇನೆ, ಈ ಕಾಲದಲ್ಲಿ ಒಂದು ಚೌಕ ಪೈಪಿಗಾಗಿ ನಾಲ್ಕು ಸಲ ತಿರುಗಿಸಿ ಕೊಯ್ಯುವ ಪುರುಸೊತ್ತು ಯಾರಿಗಿದೆ? ನಾಲ್ಕು ಅಂಗುಲದ ಗ್ರೈಂಡರಿಗೆ 1 ಮಿ.ಮೀ. ದಪ್ಪದ ಕಟಿಂಗ್ ವೀಲ್ ಹಾಕಿದರೆ ಈ ಪೈಪು ಕೆಲವೇ ಕ್ಷಣಗಳ ಕೆಲಸ. ನಮ್ಮಲ್ಲಿ ಹ್ಯಾಕ್ಸಾ ಇದೆ, ಆದರೆ ಗೋಡೆಯ ಮೊಳೆಗೆ ತೂಗುಹಾಕಿದ್ದು ಕೆಳಗಿಳಿಯುವುದು ಕರೆಂಟು ಹೋದಾಗ ಮಾತ್ರ. ಕೂಲಿಯ ಲೆಕ್ಕ ಹಾಕಿ ನೋಡಿ, ಬ್ಲೇಡಿನ ಉಳಿತಾಯಕ್ಕಿಂತ ಸಮಯದ ಬೆಲೆಯೇ ದೊಡ್ಡದು.

ರೇಷ್ಮೆ ಬೆಳೆಗಾರ, ಶಿಡ್ಲಘಟ್ಟ ತಾಲ್ಲೂಕು

ಅಣ್ಣಾ, ಬಯಲಿನಲ್ಲಿ ಮಾಡುವ ಕೆಲಸವಾಗಿದ್ದರೆ ನಿಮ್ಮ ಮಾತಿಗೆ ಎದುರಾಡುತ್ತಿರಲಿಲ್ಲ. ಹುಳುಮನೆಯ ಬಾಗಿಲಲ್ಲಿ ಊದುಬತ್ತಿ ಹಚ್ಚುವುದಕ್ಕೂ ಹಿಂದೆಮುಂದೆ ನೋಡುವವರು ನಾವು. ಮೇಷ್ಟ್ರೇ, ಮುಖದಿಂದ ಮುಖಕ್ಕೆ ತಿರುಗಿಸುವ ವಿಷಯ ಅರ್ಥವಾಯಿತು. ನನ್ನ ಬಳಿ ಪೈಪನ್ನು ಬಿಗಿಹಿಡಿಯುವ ಬೆಂಚ್ ವೈಸ್ ಇಲ್ಲ. ಹಲಗೆಯ ಮೇಲಿಟ್ಟು ಕಾಲಿನಿಂದ ಅದುಮಿ ಕೊಯ್ಯುತ್ತಿದ್ದೇನೆ, ಅದು ನಡೆಯುತ್ತದೆಯೇ?

ನಿವೃತ್ತ ಫಿಟ್ಟರ್, ಕೆಜಿಎಫ್

ಚಿನ್ನದ ಗಣಿ 2001ರ ಫೆಬ್ರವರಿ 28ರಂದು ಮುಚ್ಚುವ ತನಕ ಅಲ್ಲಿಯ ವರ್ಕ್‌ಶಾಪಿನಲ್ಲಿ ಗಾಳಿಯ ಪೈಪು, ನೀರಿನ ಪೈಪು ಕೊಯ್ದ ಕೈ ನನ್ನದು. ಕೇಳಿದ್ದೀರೆಂದು ಹೇಳುತ್ತೇನೆ: ಕಾಲಿನಿಂದ ಅದುಮಿದ ಪೈಪು ಪ್ರತಿ ತಳ್ಳಿಗೂ ಒಂದಿಷ್ಟು ಹೊರಳುತ್ತದೆ. ಪೈಪು ಹೊರಳಿದರೆ ಸೀಳಿನೊಳಗಿರುವ ಬ್ಲೇಡು ತಿರುಚಿಕೊಳ್ಳುತ್ತದೆ, ತಿರುಚಿದ ಬ್ಲೇಡು ಪಟ್ಟನೆ ಮುರಿಯುತ್ತದೆ. ವೈಸ್ ಇಲ್ಲದಿದ್ದರೆ ದಪ್ಪ ಹಲಗೆಗೆ ಎರಡು ಮರದ ಪಟ್ಟಿಗಳನ್ನು ಪೈಪಿನ ಅಗಲಕ್ಕೆ ಸರಿಯಾಗಿ ಮೊಳೆ ಹೊಡೆದು ಕೂರಿಸಿ, ನಡುವೆ ಪೈಪನ್ನು ಇಟ್ಟು ಬೆಣೆ ಬಿಗಿಯಿರಿ. ಕೊಯ್ಯುವ ಗೆರೆ ಆ ಹಿಡಿತಕ್ಕೆ ಆದಷ್ಟು ಹತ್ತಿರವಿರಲಿ, ದೂರವಾದಷ್ಟೂ ಪೈಪು ನಡುಗುತ್ತದೆ. ವೈಸ್ ಇರುವವರು ತೆಳು ಪೈಪನ್ನು ನೇರವಾಗಿ ದವಡೆಗೆ ಕೊಟ್ಟರೆ ಅದು ಚಪ್ಪಟೆಯಾಗುತ್ತದೆ, ಎರಡೂ ಕಡೆ ಮರದ ತುಂಡು ಇಡಬೇಕು.

ಇನ್ನು ಫ್ರೇಮಿನ ವಿಷಯ. ಬ್ಲೇಡಿನ ಹಲ್ಲು ಹಿಡಿಯಿಂದ ಆಚೆಗೆ, ಮುಂದಕ್ಕೆ ಮುಖ ಮಾಡಿರಬೇಕು. ರೆಕ್ಕೆ ನಟ್ಟನ್ನು ಬ್ಲೇಡಿನ ಸಡಿಲ ಹೋಗುವ ತನಕ ಬಿಗಿದು, ಅಲ್ಲಿಂದ ಮುಂದೆ ಎರಡು ಮೂರು ಸುತ್ತು ಕೈಯಿಂದಲೇ ತಿರುಗಿಸಿ. ಬೆರಳಿನಿಂದ ಮೀಟಿದರೆ ಬ್ಲೇಡು ತಂಬೂರಿಯ ತಂತಿಯಂತೆ ನುಡಿಯಬೇಕು. ಹೊಸ ಬ್ಲೇಡಿನಲ್ಲಿ ಸ್ವಲ್ಪ ಕೊಯ್ದ ಮೇಲೆ ಇನ್ನೊಮ್ಮೆ ಬಿಗಿ ನೋಡಿಕೊಳ್ಳಿ. ಹಳೆಯ ಫ್ರೇಮುಗಳಲ್ಲಿ ಬ್ಲೇಡು ಸಿಕ್ಕಿಸುವ ಪಿನ್ನು ಸವೆದು ವಾಲಿರುತ್ತದೆ. ಎಷ್ಟು ಬಿಗಿದರೂ ಬ್ಲೇಡು ಓರೆಯಾಗಿಯೇ ನಿಲ್ಲುತ್ತದೆ. ಕೊಯ್ತ ಗೆರೆ ಬಿಟ್ಟು ಒಂದೇ ಕಡೆಗೆ ಓಡುತ್ತಿದ್ದರೆ ಮೊದಲು ಆ ಪಿನ್ನನ್ನೂ ಬ್ಲೇಡಿನ ಬಿಗಿಯನ್ನೂ ನೋಡಿ.

ತಳ್ಳುವಾಗ ಮಾತ್ರ ಒತ್ತಡ, ಹಿಂದಕ್ಕೆ ಬರುವಾಗ ಬ್ಲೇಡು ಸುಮ್ಮನೆ ಸವರಿಕೊಂಡು ಬರಬೇಕು. ನಿಮಿಷಕ್ಕೆ 40ರಿಂದ 50 ತಳ್ಳು ಸಾಕು. ಬ್ಲೇಡಿನ ಪೂರ್ತಿ ಉದ್ದವನ್ನು ಬಳಸಿ. ಅವಸರದವರು ನಡುವಿನ ನಾಲ್ಕು ಅಂಗುಲದಲ್ಲಿಯೇ ಗುಯ್ಯಿ ಗುಯ್ಯಿ ಎಂದು ಕೊಯ್ಯುತ್ತಾರೆ. ಅಲ್ಲಿಯ ಹಲ್ಲು ಸವೆದು ಸೀಳು ಕಿರಿದಾಗುತ್ತದೆ, ಆಮೇಲೆ ಸವೆಯದ ತುದಿಗಳು ಆ ಕಿರಿದಾದ ಸೀಳಿಗೆ ಬಂದ ಕೂಡಲೇ ಕಚ್ಚಿಕೊಳ್ಳುತ್ತವೆ. ಇದೇ ಕಾರಣಕ್ಕೆ ಹಳೆಯ ಬ್ಲೇಡು ಅರ್ಧ ಕೊಯ್ದ ಸೀಳಿಗೆ ಹೊಸ ಬ್ಲೇಡನ್ನು ಇಳಿಸಬಾರದು. ತಿರುವಿಹಾಕಿ ಎದುರು ಬದಿಯಿಂದ ಹೊಸದಾಗಿ ಆರಂಭಿಸಬೇಕು.

ಒಂದೆರಡು ಹಲ್ಲು ಉದುರಿದ ಬ್ಲೇಡನ್ನು ಎಸೆಯಬೇಡಿ. ಉದುರಿದ ಜಾಗದ ಪಕ್ಕದ ಎರಡು ಮೂರು ಹಲ್ಲುಗಳನ್ನು ಸಾಣೆಕಲ್ಲಿಗೆ ಹಿಡಿದು ಇಳಿಜಾರಾಗಿ ತೇಯ್ದರೆ, ಮುಂದಿನ ಹಲ್ಲು ಗುದ್ದದೆ ಹತ್ತಿಕೊಂಡು ಹೋಗುತ್ತದೆ. ದಪ್ಪ ಕಬ್ಬಿಣಕ್ಕೆ ಅದು ಇನ್ನೂ ಬಹಳ ಕೆಲಸಕ್ಕೆ ಬರುತ್ತದೆ.

ಮೇಷ್ಟ್ರೇ, ನಿಮ್ಮ ಮಾತಿಗೆ ಒಂದು ಸೇರಿಸುತ್ತೇನೆ: ಇವರು ಪೂರ್ತಿ ಗಡಸಿನ ಬ್ಲೇಡನ್ನೇ ತರಲಿ. ಅದು ಬಾಗುವುದಿಲ್ಲ, ಗೆರೆ ಬಿಡುವುದಿಲ್ಲ.

ಐಟಿಐ ಫಿಟ್ಟರ್ ವಿಭಾಗದ ಮೇಷ್ಟ್ರು, ತುಮಕೂರು

ಯಜಮಾನರೇ, ಇದೊಂದನ್ನು ನಾನು ಒಪ್ಪಲಾರೆ. ಪೂರ್ತಿ ಗಡಸಿನ ಬ್ಲೇಡು ನಿಮ್ಮಂಥ ಪಳಗಿದ ಕೈಗೆ, ಗಟ್ಟಿಯಾದ ವೈಸಿನಲ್ಲಿ ಹಿಡಿದ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಸ್ವಲ್ಪ ತಿರುಚಿದರೂ ಅದು ಗಾಜಿನ ಹಾಗೆ ಚೂರಾಗುವುದರಿಂದ ಮರದ ಪಟ್ಟಿಯ ನಡುವೆ ಬೆಣೆ ಬಿಗಿದು ಕೊಯ್ಯುವವರಿಗೆ ಅಪಾಯ. ಹಲ್ಲಿನ ಅಂಚು ಮಾತ್ರ ಗಡಸಾಗಿದ್ದು ಬೆನ್ನು ಮೆದುವಾಗಿರುವ ಬಾಗುವ ಬ್ಲೇಡು ಇವರಿಗೆ ಸೂಕ್ತ. ಇನ್ನೂ ಸ್ವಲ್ಪ ಹಣ ಹಾಕುವುದಾದರೆ ಬೈಮೆಟಲ್ ಬ್ಲೇಡು ತರಬಹುದು. ಅದರಲ್ಲಿ ಹೈಸ್ಪೀಡ್ ಸ್ಟೀಲಿನ ಹಲ್ಲಂಚನ್ನು ಬಾಗುವ ಉಕ್ಕಿನ ಬೆನ್ನಿಗೆ ಬೆಸೆದಿರುತ್ತಾರೆ.

ಹಲ್ಲುಗಳ ಜೋಡಣೆಯನ್ನೂ ನೋಡಿಕೊಳ್ಳಿ. ದೊಡ್ಡ ಹಲ್ಲಿನ ಬ್ಲೇಡುಗಳಲ್ಲಿ ಹಲ್ಲುಗಳು ಒಂದು ಎಡಕ್ಕೆ ಒಂದು ಬಲಕ್ಕೆ ವಾಲಿರುತ್ತವೆ. ಸಣ್ಣ ಹಲ್ಲಿನವುಗಳಲ್ಲಿ ಹಲ್ಲಿನ ಸಾಲೇ ಅಲೆಯಂತೆ ಅತ್ತಿತ್ತ ಬಳುಕಿರುತ್ತದೆ. ಎರಡರ ಉದ್ದೇಶವೂ ಸೀಳನ್ನು ಬ್ಲೇಡಿನ ದಪ್ಪಕ್ಕಿಂತ ಅಗಲವಾಗಿಸಿ ಬ್ಲೇಡು ಸಿಕ್ಕಿಕೊಳ್ಳದಂತೆ ಮಾಡುವುದು. ಅಲೆಯ ಜೋಡಣೆ ತೆಳು ತಗಡಿಗೆ ಹೆಚ್ಚು ಒಗ್ಗುತ್ತದೆ.

ಪಾಲಿಹೌಸ್ ಬೆಳೆಗಾರ, ಮಾಲೂರು

ಚಿಂತಾಮಣಿಯ ಅಣ್ಣನವರ ಗ್ರೈಂಡರ್ ವಾದಕ್ಕೆ ನನ್ನ ಒಂದು ಮಾತು. ಪಾಲಿಹೌಸಿನ ಚಾವಣಿ 200 ಮೈಕ್ರಾನ್ ದಪ್ಪದ ಹಾಳೆ. ಒಳಗೆ ಒಂದು ಜಿಐ ಪೈಪು (ಸತು ಲೇಪಿಸಿದ ಕಬ್ಬಿಣದ ಪೈಪು) ಬದಲಿಸಲು ಗ್ರೈಂಡರ್ ಹಚ್ಚಿದರೆ ಹಾರಿದ ಪ್ರತಿ ಕಿಡಿಯೂ ಹಾಳೆಯಲ್ಲಿ ಒಂದು ತೂತು. ಮಳೆ ಬಂದಾಗಲೇ ಅವು ಕಣ್ಣಿಗೆ ಬೀಳುವುದು. ಬೇಸಿಗೆಯಲ್ಲಿ ರಾಗಿ ಹುಲ್ಲಿನ ಮೆದೆಯ ಪಕ್ಕದಲ್ಲಿ ಗ್ರೈಂಡರ್ ಹಿಡಿಯುವವರನ್ನು ಕಂಡರಂತೂ ನನಗೆ ಎದೆ ಝಲ್ಲೆನ್ನುತ್ತದೆ. ಜಿಐ ಪೈಪಿಗೆ ಮತ್ತೊಂದು ತೊಡಕಿದೆ: ಕೊಯ್ಯುವ ಬಿಸಿಗೆ ಅಂಚಿನ ಸತುವಿನ ಲೇಪ ಸುಟ್ಟುಹೋಗಿ ತುಕ್ಕು ಅಲ್ಲಿಂದಲೇ ಆರಂಭವಾಗುತ್ತದೆ. ಹ್ಯಾಕ್ಸಾದಲ್ಲಿ ಕೊಯ್ದಾಗ ಲೇಪ ಹೋಗುವುದು ಸೀಳಿನ ಮುಖದಲ್ಲಿ ಮಾತ್ರ.

ವೆಲ್ಡಿಂಗ್ ಅಂಗಡಿ, ಚಿಂತಾಮಣಿ

ಪಾಲಿಹೌಸಿನ ಮಾತು ಒಪ್ಪಿದೆ. ಸತು ಸುಡುವ ಬಿಳಿ ಹೊಗೆ ಕುಡಿದರೆ ರಾತ್ರಿ ಚಳಿಜ್ವರ ಬರುವುದು ನಮ್ಮ ಕಸುಬಿನವರಿಗೆಲ್ಲ ಗೊತ್ತಿರುವುದೇ. ಆದರೆ ದೊಡ್ಡ ಸಂಖ್ಯೆಯಲ್ಲಿ ತುಂಡು ಬೇಕಾದವರು 355 ಮಿ.ಮೀ. ಚಕ್ರದ ಕಟಾಫ್ ಮಿಷನ್ ಇರುವ ಅಂಗಡಿಗೆ ಪೈಪು ತಂದು ಕೊಯ್ಯಿಸಿಕೊಂಡು ಹೋಗುವುದೇ ಲೇಸು ಎನ್ನುವ ನನ್ನ ಮಾತು ಬದಲಾಗಿಲ್ಲ. ಅಳತೆ ಒಂದೇ ಆಗಿದ್ದರೆ ಹ್ಯಾಕ್ಸಾ ಹಿಡಿದು ಬೆವರು ಸುರಿಸುವುದರಲ್ಲಿ ಅರ್ಥವಿಲ್ಲ.

ಪಂಪ್ ಮೆಕ್ಯಾನಿಕ್, ಶ್ರೀನಿವಾಸಪುರ

ನಮ್ಮದು ದುಂಡು ಪೈಪಿನ ಕೆಲಸ, ಅದರ ಲೆಕ್ಕವೂ ಇಲ್ಲಿ ಇರಲಿ. ಜಿಐ ಪೈಪಿನ ಮೇಲೆ ಬಣ್ಣದ ಪಟ್ಟಿ ಇರುತ್ತದೆ: ಹಳದಿ ಹಗುರ ದರ್ಜೆ, ನೀಲಿ ಮಧ್ಯಮ, ಕೆಂಪು ಭಾರಿ. ಒಂದು ಅಂಗುಲದ ಪೈಪಿನಲ್ಲಿ ಗೋಡೆಯ ದಪ್ಪ ಕ್ರಮವಾಗಿ ಸುಮಾರು 2.6, 3.2, 4 ಮಿ.ಮೀ. ಮೇಷ್ಟ್ರು ಹೇಳಿದ ಮೂರು ಹಲ್ಲಿನ ನಿಯಮಕ್ಕೆ ನೀಲಿ ಪಟ್ಟಿಯ ಪೈಪು 24 ಹಲ್ಲಿನ ಬ್ಲೇಡಿನಲ್ಲಿ ಸರಿಯಾಗಿ ಹೊಂದುತ್ತದೆ, ಹಳದಿಯಲ್ಲಿ ಸ್ವಲ್ಪ ಕೊರತೆ. ಅದನ್ನು ತಿರುಗಿಸುತ್ತಾ ಕೊಯ್ದರೆ ಆಯಿತು.

ದುಂಡು ಪೈಪಿನಲ್ಲಿ ಗೆರೆ ನೇರವಾಗಿ ಬರಲು ಅಂಚು ನೇರವಾಗಿರುವ ಕಾಗದವನ್ನು ಪೈಪಿಗೆ ಸುತ್ತಿ, ಅಂಚಿಗೆ ಅಂಚು ಕೂಡಿಸಿ, ಆ ಅಂಚಿನ ಗುಂಟ ಗೀಚಿಕೊಳ್ಳಬೇಕು. ತುದಿ ಓರೆಯಾದರೆ ಮರೆ (ತಿರುಪಿನ ಸುರುಳಿ) ಹೊಡೆಯುವ ಡೈ ನೆಟ್ಟಗೆ ಕೂರುವುದಿಲ್ಲ, ಮರೆ ವಾಲುತ್ತದೆ, ವಾಲಿದ ಮರೆಗೆ ಎಷ್ಟು ನೂಲು ಸುತ್ತಿದರೂ ಸೋರಿಕೆ ನಿಲ್ಲುವುದಿಲ್ಲ. ಕೊಯ್ದ ಮೇಲೆ ಒಳಗಿನ ಸಿಬಿರನ್ನು ಅರದಿಂದ ತೆಗೆದು, ಪೈಪನ್ನು ನೆಟ್ಟಗೆ ನಿಲ್ಲಿಸಿ ತಟ್ಟಿ ಕಬ್ಬಿಣದ ಪುಡಿಯನ್ನು ಉದುರಿಸಿ, ಇಲ್ಲವಾದರೆ ಅದು ವಾಲ್ವಿನ ಸೀಟಿನಲ್ಲಿ ಹೋಗಿ ಕೂರುತ್ತದೆ. ಪಿವಿಸಿ ಪೈಪಿಗೂ ಇದೇ ಹ್ಯಾಕ್ಸಾ ನಡೆಯುತ್ತದೆ, ಆದರೆ ವೇಗ ಬೇಡ. ಬಿಸಿಯಾದ ಪ್ಲಾಸ್ಟಿಕ್ಕು ಕರಗಿ ಹಲ್ಲಿನ ಸಂದಿ ತುಂಬಿಕೊಳ್ಳುತ್ತದೆ.

ಕಟ್ಟಡದ ಮೇಲ್ವಿಚಾರಕ, ಗೌರಿಬಿದನೂರು

ಸಂಬಂಧಪಟ್ಟ ಒಂದು ಸಂದೇಹ. ಟಿಎಂಟಿ ಕಂಬಿ ಕೊಯ್ಯುವಾಗ ಬ್ಲೇಡು ಮೊದಲಿಗೆ ಜಾರುತ್ತದೆ, ಕಚ್ಚುವುದೇ ಇಲ್ಲ. ಸ್ವಲ್ಪ ಇಳಿದ ಮೇಲೆ ಇದ್ದಕ್ಕಿದ್ದಂತೆ ಬೇಗ ಕೊಯ್ಯುತ್ತದೆ. ಒಳಗಡೆ ಕಳಪೆ ಕಬ್ಬಿಣ ತುಂಬಿದ್ದಾರೆ ಎಂದು ನಮ್ಮ ಗಾರೆಯವರು ಹೇಳುತ್ತಾರೆ. ಅದು ನಿಜವೇ?

ಐಟಿಐ ಫಿಟ್ಟರ್ ವಿಭಾಗದ ಮೇಷ್ಟ್ರು, ತುಮಕೂರು

ಕಳಪೆಯಲ್ಲ, ಕಂಬಿಯನ್ನು ತಯಾರಿಸುವ ಕ್ರಮವೇ ಹಾಗೆ. ಕೆಂಪಗೆ ಕಾದ ಕಂಬಿ ರೋಲಿಂಗ್ ಗಿರಣಿಯಿಂದ ಹೊರಬಂದ ಕೂಡಲೇ ಅದನ್ನು ನೀರಿನ ಜೋರು ಸಿಂಪಡಣೆಯೊಳಗೆ ಹಾಯಿಸುತ್ತಾರೆ. ಹೊರಗಿನ ಪದರ ತಟ್ಟನೆ ತಣಿದು ಮಾರ್ಟೆನ್ಸೈಟ್ ಎಂಬ ಗಡಸು ರೂಪದ ಉಕ್ಕಾಗುತ್ತದೆ. ಒಳಗೆ ಉಳಿದ ಬಿಸಿ ಹೊರಕ್ಕೆ ಬಂದು ಆ ಪದರವನ್ನು ಹದಗೊಳಿಸುತ್ತದೆ. ತಿರುಳು ನಿಧಾನವಾಗಿ ತಣಿಯುವುದರಿಂದ ಮೆದುವಾಗಿ, ಬಾಗುವಂತೆ ಉಳಿಯುತ್ತದೆ. ಹೊರಗೆ ಬಲ, ಒಳಗೆ ಬಾಗುವ ಗುಣ ಎರಡೂ ಒಂದೇ ಕಂಬಿಯಲ್ಲಿ ಇರಲೆಂದೇ ಹೀಗೆ ಮಾಡುವುದು. ನಿಮ್ಮ ಬ್ಲೇಡು ಜಾರುವುದು ಆ ಹೊರಪದರದ ಮೇಲೆ. ಅಡ್ಡ ಏಣುಗಳ ಮೇಲೆ ಆರಂಭಿಸಿದರೆ ಹಲ್ಲಿಗೂ ಪೆಟ್ಟು. ಎರಡು ಏಣುಗಳ ನಡುವೆ ಮೂರು ಮೂಲೆಯ ಅರದಿಂದ ಸಣ್ಣ ಕಚ್ಚು ಮಾಡಿ ಅಲ್ಲಿಂದ ಆರಂಭಿಸಿ.

ಐಟಿಐ ವಿದ್ಯಾರ್ಥಿ, ಬಂಗಾರಪೇಟೆ

ಗುರುಗಳೇ, ಸ್ಟೇನ್‌ಲೆಸ್ ಸ್ಟೀಲ್ ರಾಡು ಕೊಯ್ಯುವಾಗ ಬ್ಲೇಡು ಹೊಳಪು ಮಾತ್ರ ಕೊಟ್ಟು ಮುಂದೆ ಹೋಗುವುದಿಲ್ಲ. ಹಳೆಯ ಬೇರಿಂಗಿನ ಬಳೆಯಂತೂ ಗೀರು ಕೂಡ ಬೀಳಲಿಲ್ಲ. ಎರಡಕ್ಕೂ ಕಾರಣ ಒಂದೆಯೇ?

ನಿವೃತ್ತ ಫಿಟ್ಟರ್, ಕೆಜಿಎಫ್

ಬೇರೆ ಬೇರೆ, ಮಗು. ಬೇರಿಂಗಿನ ಬಳೆ ಬ್ಲೇಡಿನ ಹಲ್ಲಿನಷ್ಟೇ ಗಡಸು, ಅದರ ಮೇಲೆ ಹ್ಯಾಕ್ಸಾ ಹಾಕುವುದು ವ್ಯರ್ಥ. ಗೊತ್ತಿಲ್ಲದ ಲೋಹ ಕೈಗೆ ಬಂದರೆ ಮೊದಲು ಅರದ ಮೂಲೆಯಿಂದ ಉಜ್ಜಿ ನೋಡು. ಅರ ಕಚ್ಚಿದರೆ ಹ್ಯಾಕ್ಸಾ ಕೊಯ್ಯುತ್ತದೆ. ಅರವೇ ಜಾರಿದರೆ ಬ್ಲೇಡು ಹಾಳುಮಾಡಬೇಡ. ಸ್ಟೇನ್‌ಲೆಸ್ ಹಾಗಲ್ಲ. ಅದು ಉಜ್ಜಿದಷ್ಟೂ ಗಟ್ಟಿಯಾಗುವ ಲೋಹ. ಹಗುರವಾಗಿ, ವೇಗವಾಗಿ ಸವರುತ್ತಿದ್ದರೆ ಮೇಲ್ಪದರ ಬಲಿತು ಹೊಳೆಯತೊಡಗುತ್ತದೆ. ಬೈಮೆಟಲ್ ಬ್ಲೇಡು ಹಾಕಿ, ಸ್ವಲ್ಪ ಎಣ್ಣೆ ಬಿಟ್ಟು, ನಿಧಾನವಾಗಿ, ಪ್ರತಿ ತಳ್ಳಿಗೂ ಪುಡಿ ಬೀಳುವಷ್ಟು ಒತ್ತಡ ಕೊಟ್ಟು ಕೊಯ್ಯಬೇಕು. ಎರಕದ ಕಬ್ಬಿಣಕ್ಕೂ ಹಿತ್ತಾಳೆಗೂ ಮಾತ್ರ ಎಣ್ಣೆ ಬೇಡ.

ರೇಷ್ಮೆ ಬೆಳೆಗಾರ, ಶಿಡ್ಲಘಟ್ಟ ತಾಲ್ಲೂಕು

ಎಲ್ಲರಿಗೂ ಕೃತಜ್ಞತೆಗಳು. 32 ಸಿಗಲಿಲ್ಲ, 24 ಹಲ್ಲಿನ ಬಾಗುವ ಬ್ಲೇಡು ತಂದು, ಹಲಗೆಗೆ ಪಟ್ಟಿ ಹೊಡೆದು ಬೆಣೆ ಬಿಗಿದು, ಪೈಪನ್ನು ಆಚೆಗೆ ತಿರುಗಿಸುತ್ತಾ ಕೊಯ್ದೆ. ಹಲ್ಲುಗಳು ಹಾಗೆಯೇ ಇವೆ, ನಾಲ್ಕು ಮುಖದ ಸೀಳುಗಳೂ ಗೆರೆಗೆ ಗೆರೆ ಕೂಡಿವೆ. ಉಳಿದಿರುವುದು ಒಂದೇ ತೊಡಕು. ಎರಡು ಸ್ಟ್ಯಾಂಡುಗಳ ನಡುವಿನ ಇಕ್ಕಟ್ಟಿನಲ್ಲಿ, ಈಗಾಗಲೇ ಕೂಡಿಸಿದ ಒಂದು ಅಡ್ಡಪೈಪಿನ ಹೆಚ್ಚುವರಿ ತುದಿಯನ್ನು ಕತ್ತರಿಸಬೇಕು. ಅಲ್ಲಿ ಪೈಪನ್ನು ತಿರುಗಿಸಲಾಗುವುದಿಲ್ಲ, ದೊಡ್ಡ ಫ್ರೇಮೂ ಒಳಗೆ ಹೋಗುವುದಿಲ್ಲ.

ಐಟಿಐ ಫಿಟ್ಟರ್ ವಿಭಾಗದ ಮೇಷ್ಟ್ರು, ತುಮಕೂರು

ಅಲ್ಲಿಗೆ ಜೂನಿಯರ್ ಹ್ಯಾಕ್ಸಾ ಎಂದು ಕೇಳಿ ತನ್ನಿ. ಅದರ ಬ್ಲೇಡು 150 ಮಿ.ಮೀ. ಉದ್ದದ್ದು, ಸಾಮಾನ್ಯವಾಗಿ 32 ಹಲ್ಲಿನದೇ ಇರುತ್ತದೆ. ಬ್ಲೇಡಿನ ಮೇಲಿನ ಅಂಕಿ ಅಳಿಸಿಹೋಗಿದ್ದರೆ ಸ್ಕೇಲ್ ಇಟ್ಟು ಒಂದು ಅಂಗುಲದಲ್ಲಿ ಎಷ್ಟು ಹಲ್ಲಿದೆ ಎಂದು ಎಣಿಸಿದರಾಯಿತು. ಪೈಪು ತಿರುಗದಿದ್ದರೆ ನೀವೇ ಜಾಗ ಬದಲಿಸಿ, ಮೇಲಿನಿಂದ ಒಂದು ಮುಖ, ಪಕ್ಕದಿಂದ ಇನ್ನೊಂದು ಮುಖ, ಹೀಗೆ ಕೊಯ್ಯಿರಿ. ಕೈ ತಲುಪದ ಕೊನೆಯ ಗೋಡೆಯನ್ನು ಬ್ಲೇಡಿನ ಮುಂಭಾಗ ತಗ್ಗಿಸಿ ಓರೆಯಾಗಿ ಹಿಡಿದು, ಒತ್ತಡ ಕೊಡದೆ, ಫ್ರೇಮಿನ ತೂಕದಲ್ಲಿಯೇ ಕೊಯ್ಯಿರಿ. ಓರೆಯಾಗಿ ಹಿಡಿದಾಗ ಗೋಡೆಯ ಮೇಲೆ ಕೂರುವ ಹಲ್ಲುಗಳ ಸಂಖ್ಯೆ ಹೆಚ್ಚುತ್ತದೆ. ಸೊಪ್ಪು ಹರಡುವ ಮೊದಲು ಅಂಚಿನ ಸಿಬಿರನ್ನು ಅರದಿಂದ ತೆಗೆದು, ಕೆಳಗೆ ಬಿದ್ದ ಪುಡಿಯನ್ನು ಅಯಸ್ಕಾಂತ ಆಡಿಸಿ ಎತ್ತಿಬಿಡಿ.